ಬಯಲಿನ ಚಿಗರಿ, ಕಾನಿನ ಸಿಂಗಳೀಕ: ನಾಲ್ಕು ದಿನದ ತಿರುಗಾಟ

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಲು ಶುರುಮಾಡಿ ಹದಿನೆಂಟು ವರ್ಷವಾಯಿತು. ‘ಹೊಂದಾಣಿಕೆ’ಯ ಪಾಠ ಬಂದಾಗಲೆಲ್ಲ ಹಲಗೆಯ ಒಂದು ಬದಿಗೆ ಒಂಟೆ ಬರೆಯುತ್ತೇನೆ, ಇನ್ನೊಂದು ಬದಿಗೆ ಹಿಮಕರಡಿ. ದಾವಣಗೆರೆಯ ನನ್ನ ಮಕ್ಕಳು ಎರಡನ್ನೂ ಕಂಡವರಲ್ಲ, ನಾನೂ ಹಿಮಕರಡಿಯನ್ನು ಕಂಡವಳಲ್ಲ. ನಮ್ಮೂರಿನಿಂದ ಒಂದು ಗಂಟೆ ದೂರದಲ್ಲೇ ಮರ ದಟ್ಟವಾದರೆ ನಿಲ್ಲಲೊಲ್ಲದ ಕೃಷ್ಣಮೃಗವಿದೆ. ಅಲ್ಲಿಂದ ಪಡುವಣಕ್ಕೆ ಅರ್ಧ ದಿನ ಹೋದರೆ ನೆಲಕ್ಕೆ ಇಳಿಯಲೊಲ್ಲದ ಸಿಂಗಳೀಕವಿದೆ. ಈ ಫೆಬ್ರವರಿಯ ಕೊನೆಯಲ್ಲಿ ರಜೆ ಹಾಕಿ, ತಂಗಿಯ ಕಾರಿನಲ್ಲಿ, ಎರಡನ್ನೂ ಒಂದರ ಬೆನ್ನಿಗೊಂದು ನೋಡಿ ಬಂದೆವು. ಹಾಗೆ ಬೆನ್ನಿಗೊಂದು ನೋಡಿದ್ದರಿಂದಲೇ ಹೊಳೆದ ಕೆಲವು ಸಂಗತಿಗಳಿವೆ. ಅವುಗಳಿಗಾಗಿ ಈ ಬರಹ.

ಮೊದಲ ದಿನ: ರಾಣೆಬೆನ್ನೂರು

ಹರಿಹರದಲ್ಲಿ ತುಂಗಭದ್ರೆ ದಾಟಿದ ಮೇಲೆ ರಾಣೆಬೆನ್ನೂರು ದೂರವಿಲ್ಲ. ಮಧ್ಯಾಹ್ನದ ಊಟಕ್ಕೆ ಊರು ಮುಟ್ಟಿ, ಬಿಸಿಲು ತಗ್ಗುವ ಹೊತ್ತಿಗೆ ಅಭಯಾರಣ್ಯದ ಹಾದಿ ಹಿಡಿದೆವು. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರ್ ಹರಡಿರುವ ಜಾಗವಿದು. ನಮ್ಮ ಜೊತೆ ಬಂದ ವಾಚರ್ ಈ ಭಾಗದವರೇ. ‘ಕೃಷ್ಣಮೃಗ’ ಎನ್ನುವ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಅವರಿಗೆ ಅದು ಚಿಗರಿ.

ಒಳಗೆ ಹೋಗುತ್ತಿದ್ದಂತೆ ಮೊದಲು ಕಂಡದ್ದು ನೀಲಗಿರಿ ಮರಗಳು. ಸಾಲು ಸಾಲಾಗಿ, ಒಂದೇ ಎತ್ತರಕ್ಕೆ, ಕೆಳಗೆ ಹುಲ್ಲಿಲ್ಲದಂತೆ. ತಂಗಿಗೆ ಅದು ಚೆಂದ ಕಂಡಿತು. ‘ಎಷ್ಟು ಹಸಿರಾಗಿದೆ’ ಎಂದಳು. ವಾಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಚಿಗರಿಗೆ ಮರ ಅಂದ್ರ ಗ್ವಾಡಿ ಇದ್ದಂಗ್ರೀ. ಆಚಿಗೆ ಏನ್ ಕುಂತೈತಿ ಅನ್ನೂದು ಅದಕ್ಕ ಕಾಣೂದಿಲ್ಲ.’

ಹದಿನೆಂಟು ವರ್ಷದ ನನ್ನ ಪಾಠಕ್ಕಿಂತ ಆ ಒಂದು ಮಾತು ಸ್ಪಷ್ಟವಾಗಿತ್ತು.

‘ಅಭಯಾರಣ್ಯ’ ಎಂಬ ಪದದೊಳಗೇ ‘ಅರಣ್ಯ’ ಕೂತಿದೆ. ಚಿಗರಿಗೆ ಬೇಕಾದದ್ದು ಅದರ ಮೊದಲರ್ಧ, ಅಭಯ ಮಾತ್ರ. ಅದು ಸಿಗುವುದು ಬಯಲಿನಲ್ಲಿ. ಬಯಲುಸೀಮೆಯ ಹುಲ್ಲುಗಾವಲನ್ನು ನಾವು ದಾಖಲೆಗಳಲ್ಲಿ ‘ಪಾಳು’, ‘ಬಂಜರು’ ಎಂದು ಬರೆದುಕೊಂಡೆವು. ಬಂಜರಿನಲ್ಲಿ ಮರ ನೆಟ್ಟರೆ ಪುಣ್ಯ ಎಂದುಕೊಂಡೆವು. ಹಾಗೆ ನೆಟ್ಟ ನೀಲಗಿರಿ ಬೆಳೆದಂತೆಲ್ಲ ಹುಲ್ಲು ಹಿಂದೆ ಸರಿಯಿತು. ಇದೇ ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಓಡಾಡಿಕೊಂಡಿತ್ತು. ಮನುಷ್ಯನ ಸೊಂಟದೆತ್ತರದ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರುವ ಹಕ್ಕಿ. ಈಗ ಇಲ್ಲಿ ಅದಿಲ್ಲ.

ಮರದ ಸಾಲು ಮುಗಿದು ಬಯಲು ತೆರೆದುಕೊಂಡಾಗ ಮೊದಲು ನನಗೇನೂ ಕಾಣಿಸಲಿಲ್ಲ. ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಅದರಾಚೆ ಬೆಳ್ಳಗಿನ ಆಕಾಶ. ವಾಚರ್ ಬೆರಳು ತೋರಿದ ಮೇಲೆ ಹುಲ್ಲಿನ ಬಣ್ಣದ ಬೆನ್ನುಗಳು ಒಂದೊಂದಾಗಿ ಎದ್ದು ಬಂದವು. ನಲವತ್ತರವರೆಗೆ ಎಣಿಸಿ ಬಿಟ್ಟೆ. ಎಲ್ಲವೂ ಹೆಣ್ಣು ಮತ್ತು ಮರಿಗಳು. ಕೋಡಿಲ್ಲದ, ಹೊಟ್ಟೆಯಡಿ ಬಿಳಿ ಬಣ್ಣದ, ತೆಳುಗಾಲಿನ ಜೀವಗಳು. ನಾವು ಇನ್ನೂರು ಮೀಟರಿನಾಚೆ ಇದ್ದೆವು. ಆದರೂ ಎಲ್ಲ ತಲೆಗಳೂ ನಮ್ಮ ಕಡೆ ತಿರುಗಿದ್ದವು.

ಹಿಂಡಿನ ಅಂಚಿನಲ್ಲಿ ಒಂದು ಗಂಡು. ಬೆನ್ನು ಕಡುಗಪ್ಪು, ಹೊಟ್ಟೆ ಮತ್ತು ಕಣ್ಣಿನ ಸುತ್ತ ಸುಣ್ಣ ಬಳಿದಂಥ ಬಿಳಿ, ತಿರುಪಿನಂತೆ ನಾಲ್ಕು ಸುತ್ತು ಹೊಡೆದ ಕೋಡು. ಮೂರು ವರ್ಷದ ಆಸುಪಾಸಿನಲ್ಲಿ ಕಂದು ಬಣ್ಣ ಬಿಟ್ಟು ಗಂಡು ಕಪ್ಪಾಗತೊಡಗುತ್ತದೆ. ಬಯಲಿನಲ್ಲಿ ಹೀಗೆ ಎದ್ದು ಕಾಣುವುದು ಅಪಾಯವಲ್ಲವೇ ಎಂದು ತಂಗಿ ಕೇಳಿದಳು. ಅಪಾಯವೇ. ಆದರೆ ಅರ್ಧ ಕಿಲೋಮೀಟರ್ ದೂರದ ಹೆಣ್ಣಿಗೂ ಎದುರಾಳಿಗೂ ‘ಇಲ್ಲಿದ್ದೇನೆ, ಈ ಜಾಗ ನನ್ನದು’ ಎಂದು ಹೇಳಬೇಕಲ್ಲ. ಕಣ್ಣು ಹರಿದಷ್ಟೂ ಬಯಲಿರುವಲ್ಲಿ ಮೈಯೇ ಬಾವುಟ.

ಕೃಷ್ಣಮೃಗ ತಿರುಗಾಡುವ ನೆಲವೇ ಧರ್ಮದ ನೆಲ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಉಪನಯನದಲ್ಲಿ ವಟುವಿಗೆ ಕಟ್ಟುವ ಕೃಷ್ಣಾಜಿನವೂ ಇದರದ್ದೇ. ಇಷ್ಟು ಗೌರವ ಕೊಟ್ಟ ಪ್ರಾಣಿಯ ನೆಲವನ್ನು ನಾವು ಬಂಜರು ಎಂದು ಕರೆದದ್ದು ನನಗೆ ಬಹಳ ಹೊತ್ತು ಚುಚ್ಚುತ್ತಲೇ ಇತ್ತು.

ಕತ್ತಲಾಗುವ ಮುನ್ನ ಹೊರಬರುವಾಗ, ನಾಳೆ ಸಿದ್ದಾಪುರದ ಕಡೆ ಸಿಂಗಳೀಕ ನೋಡಲು ಹೋಗುತ್ತೇವೆ, ಅದು ನೆಲಕ್ಕೆ ಇಳಿಯುವುದೇ ಅಪರೂಪವಂತೆ ಎಂದೆ. ವಾಚರ್ ಸೈಕಲ್ಲು ನಿಲ್ಲಿಸಿ ಕೇಳಿದರು: ‘ಹಂಗಾರ ನೀರೆಲ್ಲಿ ಕುಡಿತೈತ್ರಿ ಅದು?’ ನನ್ನಲ್ಲಿ ಉತ್ತರವಿರಲಿಲ್ಲ. ನೋಡಿ ಬಂದು ಹೇಳುತ್ತೇನೆ ಎಂದೆ.

ಎರಡನೆಯ ದಿನ: ಬಯಲಿನಿಂದ ಮಲೆನಾಡಿಗೆ

ಬೆಳಿಗ್ಗೆ ಆರೂವರೆಗೇ ಮತ್ತೆ ಅದೇ ಬಯಲು. ನಿನ್ನೆಯ ಕರಿಗಂಡು, ಅಥವಾ ಅದರಂಥದೇ ಇನ್ನೊಂದು, ತನ್ನ ಜಾಗದಲ್ಲಿತ್ತು. ವಾಚರ್ ನೆಲದಲ್ಲಿ ಒಂದು ಗುರುತು ತೋರಿಸಿದರು. ಹಿಕ್ಕೆಯ ರಾಶಿ, ಅಂಗೈಯಗಲದ್ದಲ್ಲ, ಮೊರದಗಲದ್ದು. ಕೆಳಗಿನದು ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು, ಮೇಲಿನದು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಗಂಡು ದಿನಾ ಅಲ್ಲಿಗೇ ಬಂದು ಹಾಕುತ್ತದೆ, ಅದು ಅದರ ಗಡಿಕಲ್ಲು. ಪಕ್ಕದ ಒಣ ಕಡ್ಡಿಯ ತುದಿಗೆ ಡಾಂಬರಿನ ಹನಿಯಂಥ ಅಂಟು ಮೆತ್ತಿಕೊಂಡಿತ್ತು. ಕಣ್ಣಿನ ಕೆಳಗಿನ ಗ್ರಂಥಿಯನ್ನು ಕಡ್ಡಿಗೆ ತಾಗಿಸಿ ಬಿಡುವ ಸ್ರಾವ ಅದು. ಮೂಗಿನ ಹತ್ತಿರ ತಂದರೂ ನನಗೆ ಏನೂ ತಿಳಿಯಲಿಲ್ಲ. ಇನ್ನೊಂದು ಗಂಡಿಗೆ ಅದೊಂದು ಪೂರ್ತಿ ಪತ್ರ.

ಅಷ್ಟರಲ್ಲಿ ಎರಡು ಹೆಣ್ಣುಗಳು ಮೇಯುತ್ತ ಆ ಜಾಗದೊಳಕ್ಕೆ ಬಂದವು. ಗಂಡು ಮೂತಿಯನ್ನು ಆಕಾಶಕ್ಕೆತ್ತಿ, ಕೋಡುಗಳನ್ನು ಬೆನ್ನಿಗೆ ಮಲಗಿಸಿ, ಬಾಲ ಸುರುಳಿ ಮಾಡಿ, ಗೊರಗೊರ ಸದ್ದು ಮಾಡುತ್ತ ಸಣ್ಣ ಹೆಜ್ಜೆಯಲ್ಲಿ ಸುತ್ತು ಹಾಕತೊಡಗಿತು. ಹೆಣ್ಣುಗಳು ತಲೆಯೆತ್ತಲಿಲ್ಲ. ಐದು ನಿಮಿಷ ಸುತ್ತಿದ ಮೇಲೆ ಅವು ಮೇಯುತ್ತಲೇ ಜಾಗದಿಂದ ಹೊರಬಿದ್ದವು. ಗಂಡು ಗಡಿಯಲ್ಲೇ ನಿಂತುಬಿಟ್ಟಿತು.

ಆಮೇಲೆ ಏನು ಕಂಡು ಬೆದರಿದವೋ, ಇಡೀ ಹಿಂಡು ಒಮ್ಮೆಲೇ ಎದ್ದಿತು. ಮೊದಲು ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು ನೇರ ಮೇಲಕ್ಕೆ ನೆಗೆತ, ಒಂದಾದ ಮೇಲೊಂದು, ಕಾಳು ಹುರಿಯುವಾಗ ಸಿಡಿದಂತೆ. ಆಮೇಲೆ ಓಟ. ಗಂಟೆಗೆ 80 ಕಿಲೋಮೀಟರ್ ವೇಗವನ್ನು ಮುಟ್ಟಬಲ್ಲ ಓಟವದು. ಈಗ ಇಲ್ಲಿ ಅದನ್ನು ಅಟ್ಟಿಸುವುದು ತೋಳ, ಅದಕ್ಕೆ ಇಷ್ಟು ವೇಗ ಬೇಕಿಲ್ಲ. ಈ ಕಾಲುಗಳನ್ನು ತಿದ್ದಿ ತೀಡಿದ್ದು ಚೀತಾ ಇರಬೇಕು. ಚೀತಾ ನಮ್ಮ ದೇಶದಿಂದ ಅಳಿದಿದೆ ಎಂದು 1952ರಲ್ಲೇ ಘೋಷಿಸಲಾಯಿತು. ಅದಕ್ಕೆ ಹೆದರಿ ಕಲಿತ ಓಟ ಮಾತ್ರ ಚಿಗರಿಯ ಮೈಯಲ್ಲಿ ಉಳಿದುಕೊಂಡಿದೆ.

ಅಂಚಿನ ಹೊಲದಲ್ಲಿ ಒಬ್ಬ ರೈತರು ಸಿಕ್ಕರು. ಮುಂಗಾರಿನಲ್ಲಿ ಗೋವಿನಜೋಳ ಎರಡೆಲೆ ಬಿಟ್ಟ ವಾರವೇ ಚಿಗರಿ ಬಂದು ಸಾಲಿಗೆ ಸಾಲು ಮೇಯ್ದು ಹೋಗುತ್ತವಂತೆ. ‘ಹೊಡಿಯಾಕ ಮನಸ್ಸು ಬರೂದಿಲ್ರೀ, ಆದ್ರ ಎರಡ್ ಸಲ ಬಿತ್ತೂದು ನಮಗ ಆಗೂದಿಲ್ಲ’ ಎಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. ಚಿಗರಿಯ ಸಂಖ್ಯೆ ಇಲ್ಲಿ ಸಾವಿರಗಳಲ್ಲಿದೆ, ಹುಲ್ಲಿನ ಜಾಗ ಅಷ್ಟೇ ಇದೆ. ಬಿತ್ತಿದವರ ನಷ್ಟಕ್ಕೆ ತಕ್ಕ ಪರಿಹಾರ ತಕ್ಕ ಹೊತ್ತಿಗೆ ಸಿಗದೆ ಈ ಪ್ರಾಣಿಯ ಮೇಲಿನ ಪ್ರೀತಿ ಎಷ್ಟು ದಿನ ಉಳಿದೀತು?

ಹತ್ತು ಗಂಟೆಗೆ ಹೊರಟು ಹಾವೇರಿ, ಹಾನಗಲ್ಲು, ಶಿರಸಿ ಹಾದು ಸಿದ್ದಾಪುರ. ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದರೆ ಒಂದೇ ದಿನದಲ್ಲಿ ಮಳೆಯ ಲೆಕ್ಕ ಬದಲಾಗುವುದನ್ನು ಕಣ್ಣಿಂದಲೇ ಓದಬಹುದು. ರಾಣೆಬೆನ್ನೂರಿಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ನಾವು ಮುಟ್ಟಬೇಕಾದ ಕಾನಿಗೆ, ಅಂದರೆ ಮಲೆನಾಡಿನ ದಟ್ಟ ಕಾಡಿಗೆ, 3000ಕ್ಕೂ ಮೇಲೆ. ಹಾನಗಲ್ಲು ದಾಟಿದ ಮೇಲೆ ಭತ್ತದ ಗದ್ದೆ, ಆಮೇಲೆ ಅಡಿಕೆ ತೋಟ, ಆಮೇಲೆ ಆಕಾಶ ಚೂರುಚೂರಾಗಿ ಕೊನೆಗೆ ಕಾಣದೇ ಹೋಯಿತು. ಬಯಲಿನಿಂದ ಬಂದ ಕಣ್ಣಿಗೆ ಅದು ಸ್ವಲ್ಪ ಉಸಿರು ಕಟ್ಟಿದಂತೆಯೇ ಅನಿಸಿತು. ಚಿಗರಿಗೂ ಹೀಗೇ ಅನಿಸೀತು. ತೋಟದ ಮನೆಯೊಂದರಲ್ಲಿ ಉಳಿದೆವು. ರಾತ್ರಿ ಊಟಕ್ಕೆ ತಂಬುಳಿ, ಅಪ್ಪೆಹುಳಿ.

ಮೂರನೆಯ ದಿನ: ಕತ್ತಲೆಕಾನು

ಹೆಸರೇ ಹೇಳುವಂತೆ ಕತ್ತಲೆಯ ಕಾನು. ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಘಟ್ಟವಿಳಿಯುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಿಯೊಬ್ಬರ ಜೊತೆ ಬೆಳಿಗ್ಗೆ ಏಳಕ್ಕೆ ಒಳಗೆ ಕಾಲಿಟ್ಟೆವು.

ಕೆಲವೇ ಹೆಜ್ಜೆಗೆ ನೆಲ ಜೌಗಾಯಿತು. ಇವರು ಇದನ್ನು ಜಡ್ಡಿ ಎನ್ನುತ್ತಾರೆ. ರಾಮಪತ್ರೆಯ ಜಾತಿಯ ಮರಗಳು ನೀರಿನಲ್ಲೇ ನಿಂತಿವೆ. ಕೆಲವಕ್ಕೆ ಕಾಂಡದಿಂದ ಇಳಿದ ಊರುಗೋಲಿನಂಥ ಬೇರು. ಕೆಲವಕ್ಕೆ ಕೆಸರಿನಿಂದ ಮೊಣಕಾಲಿನಂತೆ ಬಾಗಿ ಎದ್ದು, ಗಾಳಿ ಹೀರಿ, ಮತ್ತೆ ಕೆಸರಿಗೇ ಇಳಿದ ಬೇರು. ಒಂದರ ಮೇಲೆ ಕೈಯಿಟ್ಟೆ. ತಣ್ಣಗಿತ್ತು, ಮೇಲೆ ಪಾಚಿ, ಪಾಚಿಯ ಮೇಲೆ ಸಣ್ಣ ಕಪ್ಪೆ. ಇಲ್ಲಿನ ಮರವೊಂದಕ್ಕೆ ಈ ಕಾನಿನ ಹೆಸರೇ ಇದೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ವಿಜ್ಞಾನಕ್ಕೆ ಅದರ ಪರಿಚಯವಾದದ್ದು 2000ದಲ್ಲಿ. ಹೆದ್ದಾರಿಯ ಬದಿಯಲ್ಲಿ ಇಷ್ಟು ದೊಡ್ಡ ಮರವೊಂದು ಹೆಸರಿಲ್ಲದೆ ಅಷ್ಟು ಕಾಲ ನಿಂತಿತ್ತು.

ಸಿಂಗಳೀಕ ಕಾಣಲಿಲ್ಲ. ಒಂಬತ್ತೂವರೆಗೆ ದೂರದಿಂದ ‘ಹೂ... ಹೂ...’ ಎಂಬ ಕೂಗು ಬಂತು. ‘ಗಂಡು’ ಎಂದರು ಮಾರ್ಗದರ್ಶಿ. ಅಲ್ಲೇ ನಿಂತೆ. ನಿನ್ನೆಯ ಕರಿಗಂಡು ತನ್ನನ್ನು ಸಾರಿಕೊಂಡದ್ದು ಬಣ್ಣದಿಂದ. ಇಲ್ಲಿ ಹತ್ತು ಮೀಟರಿನಾಚೆ ಕಣ್ಣು ಹೋಗುವುದಿಲ್ಲ, ಬಾವುಟ ಹಿಡಿದರೆ ನೋಡುವವರಿಲ್ಲ. ಹಾಗಾಗಿ ಇಲ್ಲಿ ಗಂಟಲು. ಕೃಷ್ಣಮೃಗದ ಹೆಣ್ಣು ಗಂಡುಗಳನ್ನು ಎಷ್ಟು ದೂರದಿಂದಲೂ ಬೇರ್ಪಡಿಸಬಹುದು. ಸಿಂಗಳೀಕದಲ್ಲಿ ಕರಿ ಮೈ, ಮುಖದ ಸುತ್ತ ಬೆಳ್ಳಿಬೂದು ಬಣ್ಣದ ಕೇಸರ ಎರಡಕ್ಕೂ ಒಂದೇ. ಗಂಡು ಗಾತ್ರದಲ್ಲಿ ದೊಡ್ಡದು, ಅಷ್ಟೇ. ಬೆಳಕಿಲ್ಲದ ಕಡೆ ಬಣ್ಣಕ್ಕೆ ಯಾರು ಖರ್ಚು ಮಾಡುತ್ತಾರೆ?

ಮಧ್ಯಾಹ್ನ ಮಾರ್ಗದರ್ಶಿ ಉಪ್ಪಾಗೆ ಮರವೊಂದನ್ನು ತೋರಿಸಿ ಹಳೆಯ ಕತೆ ಹೇಳಿದರು. ಮಳೆಗಾಲದಲ್ಲಿ ಹಣ್ಣಾಗುವ, ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಹುಳಿಗೆ ಬಳಸುವ ಕಾಯಿ ಅದು. ತೂಕ ಇಳಿಸುವ ಔಷಧಿಗೆಂದು ಹೊರದೇಶಗಳಿಂದ ಬೇಡಿಕೆ ಬಂದು ಸಿಪ್ಪೆಯ ದರ ಏರಿದಾಗ ಹಣ್ಣಾಗುವವರೆಗೂ ಕಾಯಲು ಯಾರಿಗೂ ತಾಳ್ಮೆ ಉಳಿಯಲಿಲ್ಲ. ಎಳೆಗಾಯಿಯನ್ನೇ ಕೊಂಬೆ ಸಮೇತ ಇಳಿಸಿದರು. ಸಿಂಗಳೀಕಕ್ಕೂ ಅದೇ ಹಣ್ಣು ಬೇಕು. ‘ಸಿಂಗಳೀಕ ತಿಂದರೆ ಬೀಜ ಉಗೀತದೆ, ಗಿಡ ಹುಟ್ತದೆ. ನಾವು ಒಯ್ದರೆ ಎಂತದೂ ಇಲ್ಲೆ’ ಎಂದರು ಅವರು. ಸಂಶೋಧಕರು ಹಳ್ಳಿಯವರ ಜೊತೆ ಕೂತು, ಹಣ್ಣು ಪೂರ್ತಿ ಮಾಗಿದ ಮೇಲೆ ಕೀಳುವುದು, ಮರದಲ್ಲಿ ಪಾಲು ಬಿಡುವುದು ಎಂದೆಲ್ಲ ಮಾತಾಡಿಕೊಂಡ ಊರುಗಳು ಈ ಭಾಗದಲ್ಲಿವೆ. ಬಿತ್ತಿದ ಗೋವಿನಜೋಳ ಅಲ್ಲಿ, ಬಿತ್ತದ ಉಪ್ಪಾಗೆ ಇಲ್ಲಿ. ಒಂದು ಕಡೆ ಪ್ರಾಣಿ ನಮ್ಮ ತಟ್ಟೆಗೆ ಬಾಯಿ ಹಾಕುತ್ತದೆ, ಇನ್ನೊಂದು ಕಡೆ ನಾವು ಅದರ ತಟ್ಟೆಗೆ ಕೈ ಹಾಕಿದ್ದೇವೆ.

ನಾಲ್ಕನೆಯ ದಿನ: ಕಂಡಿತು

ಎಂಟು ಗಂಟೆಗೆ, ಅತ್ತಿಯ ಜಾತಿಯ ಒಂದು ದೊಡ್ಡ ಮರದಲ್ಲಿ. ಮೊದಲು ಕೊಂಬೆ ಅಲ್ಲಾಡಿತು, ಆಮೇಲೆ ಸಿಂಹದ್ದರಂತೆ ತುದಿಗೆ ಕುಚ್ಚಿರುವ ಗಿಡ್ಡ ಬಾಲವೊಂದು ಕೆಳಗೆ ತೂಗಿತು. ಎಣಿಸಿದೆವು: ಹದಿನಾರು. ಕುತ್ತಿಗೆ ನೋಯುವವರೆಗೆ, ಹೆಚ್ಚುಕಡಿಮೆ ಎರಡು ಗಂಟೆ, ಕೆಳಗೇ ನಿಂತಿದ್ದೆವು.

ಒಂದು ಹೆಣ್ಣನ್ನು ಆರಿಸಿಕೊಂಡು ನೋಡುತ್ತಾ ಹೋದೆ. ಹಸಿರು ಕಾಯಿಗಳ ಗೊಂಚಲಿನಿಂದ ಕೆಂಪಗಾದದ್ದನ್ನೇ ಹೆಕ್ಕುತ್ತಿತ್ತು. ಹೆಬ್ಬೆರಳು, ತೋರುಬೆರಳು ಸೇರಿಸಿ, ನಾವು ಅಕ್ಕಿಯಿಂದ ಕಲ್ಲು ಆರಿಸುವಂತೆ. ಮಂಗಗಳ ಕಣ್ಣು ನಮ್ಮ ಕಣ್ಣಿನಂತೆಯೇ ಮುಂದಕ್ಕೆ ನೋಡುತ್ತದೆ, ಕೆಂಪು ಹಸಿರುಗಳನ್ನು ಬೇರ್ಪಡಿಸುತ್ತದೆ, ಮುಂದಿನ ಕೊಂಬೆ ಎಷ್ಟು ದೂರ ಎಂದು ಅಳೆಯುತ್ತದೆ. ಚಿಗರಿಯ ಕಣ್ಣು ತಲೆಯ ಎರಡು ಬದಿಗೆ. ಪಾಪೆ ಅಡ್ಡಗೆರೆಯಂತೆ, ದಿಗಂತಕ್ಕೆ ಸಮನಾಗಿ. ಸುತ್ತ ಎಲ್ಲಿ ಏನು ಕದಲಿದರೂ ಅದಕ್ಕೆ ತಿಳಿಯುತ್ತದೆ, ಆದರೆ ಈ ಕೆಂಪು ಅದಕ್ಕೆ ಕೆಂಪಲ್ಲ.

ಆ ಹೆಣ್ಣು ಹಣ್ಣನ್ನು ಅಗಿಯಲಿಲ್ಲ. ಕೆನ್ನೆಯ ಚೀಲಕ್ಕೆ ತುಂಬುತ್ತಾ ಹೋಯಿತು, ಮುಖದ ಎರಡು ಬದಿ ಲಾಡು ಇಟ್ಟುಕೊಂಡಂತೆ ಉಬ್ಬಿತು. ಆಮೇಲೆ ಒಂದು ಕವಲಿಗೆ ಹೋಗಿ, ಕೂತು, ಮುಷ್ಟಿಯಿಂದ ಕೆನ್ನೆ ಒತ್ತಿ ಒಂದೊಂದನ್ನೇ ಬಾಯಿಗೆ ತಂದುಕೊಂಡಿತು. ಆಗ ಥಟ್ಟನೆ ರಾಣೆಬೆನ್ನೂರು ನೆನಪಾಯಿತು. ಮೇಲಿನ ಮುಂಹಲ್ಲಿಲ್ಲದ ಚಿಗರಿ ಹುಲ್ಲನ್ನು ಒಸಡಿಗೆ ಒತ್ತಿ ಕಿತ್ತು ನುಂಗುತ್ತದೆ. ಭಯವಿಲ್ಲದ ಕಡೆ ಕೂತು, ನಾಲ್ಕು ಕೋಣೆಯ ಹೊಟ್ಟೆಯಿಂದ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಒಂದಕ್ಕೆ ಕೆನ್ನೆ, ಒಂದಕ್ಕೆ ಹೊಟ್ಟೆ. ಈಗ ತುಂಬಿಕೋ, ಆಮೇಲೆ ತಿನ್ನು ಎಂಬ ಬುದ್ಧಿ ಒಂದೇ. ಪಾಠದಲ್ಲಿ ಬೇರೆ ಬೇರೆ ಅಧ್ಯಾಯದಲ್ಲಿ ಓದಿಸಿದ ಎರಡು ಸಂಗತಿಗಳು ಆ ಮರದ ಕೆಳಗೆ ನನ್ನ ಮಟ್ಟಿಗೆ ಮೊದಲ ಸಲ ಒಟ್ಟಿಗೆ ನಿಂತವು.

ಇನ್ನೊಂದು ತಾಯಿಯ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಕೇಸರ ಇನ್ನೂ ಮೂಡಿರದ ಬರಿಯ ಮುಖ, ತಾಯಿಯ ರೋಮ ಹಿಡಿದ ಪುಟ್ಟ ಬೆರಳುಗಳು. ಎರಡೂ ಪ್ರಾಣಿಗಳ ಗರ್ಭಕಾಲ ಹತ್ತಿರ ಹತ್ತಿರ ಒಂದೇ, ಆರು ತಿಂಗಳ ಆಸುಪಾಸು. ಎರಡಕ್ಕೂ ಸಾಮಾನ್ಯವಾಗಿ ಒಂದೊಂದೇ ಮರಿ. ಅಲ್ಲಿಂದಾಚೆ ದಾರಿ ಬೇರೆಯಾಗುತ್ತದೆ. ಚಿಗರಿಯ ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತದೆ, ಎರಡು ವಾರ ಹುಲ್ಲಿನಲ್ಲಿ ಅಡಗಿ ಮಲಗಿ ಹಿಂಡು ಸೇರುತ್ತದೆ. ತಾಯಿ ವರ್ಷದೊಳಗೆ ಮತ್ತೆ ಗಬ್ಬವಾಗಬಲ್ಲದು. ಸಿಂಗಳೀಕದ ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಆರು ವರ್ಷದ ಹತ್ತಿರ. ಮುಂದಿನ ಮರಿಗೆ ಮತ್ತೆ ಎರಡೂವರೆ ಮೂರು ವರ್ಷ. ರಕ್ಷಣೆ ಸಿಕ್ಕ ಕಡೆ ಚಿಗರಿ ಬೇಗನೆ ತುಂಬಿಕೊಳ್ಳುವುದೂ, ಸಿಂಗಳೀಕ ಇಡೀ ಪಶ್ಚಿಮ ಘಟ್ಟದಲ್ಲಿ ಕೆಲವೇ ಸಾವಿರ ಉಳಿದಿರುವುದೂ ಈ ಲೆಕ್ಕದಿಂದ ಅರ್ಥವಾಗುತ್ತದೆ. ಇಲ್ಲೊಂದು ತಾಯಿ ಸತ್ತರೆ ಆ ಜಾಗ ತುಂಬಲು ಬಹಳ ವರ್ಷ ಬೇಕು.

ನಾನು ಕಾಯುತ್ತಿದ್ದದ್ದು ಹತ್ತು ಗಂಟೆಗೆ ಕಂಡಿತು. ಮರದ ಕವಲಿನಲ್ಲಿ ಒಂದು ಪೊಟರೆ. ಎಳೆಯ ಸಿಂಗಳೀಕವೊಂದು ಅದರೊಳಗೆ ಮೊಣಕೈವರೆಗೆ ಕೈ ಹಾಕಿ ತೆಗೆದು, ಬೆರಳ ತುದಿಯಿಂದ ತೊಟ್ಟಿಕ್ಕುವುದನ್ನು ನೆಕ್ಕಿತು. ಮತ್ತೆ ಅದ್ದಿತು, ಮತ್ತೆ ನೆಕ್ಕಿತು. ಒಂದು ಹನಿ ಕೆಳಗೆ ಒಣಗಿದೆಲೆಯ ಮೇಲೆ ಟಪ್ಪೆಂದು ಬಿತ್ತು.

ಆಮೇಲೆ ಗುಂಪು ಹೆದ್ದಾರಿಯ ಕಡೆ ಸರಿಯಿತು. ಎರಡು ಬದಿಯ ಕೊಂಬೆಗಳು ಮೇಲೆ ಕೈ ಕೊಟ್ಟುಕೊಂಡಿರುವಲ್ಲಿ ಏಳೆಂಟು ಮೇಲಿಂದಲೇ ದಾಟಿದವು, ಕೆಳಗಿನ ಲಾರಿಗಳಿಗೆ ತಿಳಿಯಲೂ ಇಲ್ಲ. ಐವತ್ತು ಹೆಜ್ಜೆ ಆಚೆ ರಸ್ತೆಯ ಮೇಲೆ ಆಕಾಶ ಅಗಲವಾಗಿ ಕಾಣುತ್ತಿತ್ತು. ಅಲ್ಲಿ ಮರಿ ಹೊತ್ತ ತಾಯಿ ಕೊನೆಯ ಕೊಂಬೆಯವರೆಗೂ ಬಂತು, ನಿಂತಿತು, ಎದುರಿನ ಮರ ನೋಡಿತು. ನೆಗೆಯಲಿಲ್ಲ. ಕಾಂಡ ಹಿಡಿದು ಕೆಳಗಿಳಿದು ಡಾಂಬರಿನ ಮೇಲೆ ಓಡಿತು. ತಿರುವಿನಾಚೆಯಿಂದ ಕಾರಿನ ಹಾರನ್ ಕೇಳಿಸುತ್ತಿತ್ತು. ನನ್ನ ಕೈ ತಂಗಿಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಸಂಜೆಯವರೆಗೂ ಗುರುತಿತ್ತು. ದಾಟಿತು. ಆದರೆ ಆ ಕಾರು ನಿಂತು, ಕಿಟಕಿಯಿಂದ ಬಾಳೆಹಣ್ಣೊಂದು ಹೊರಬಿತ್ತು. ಎಳೆಯ ಗಂಡೊಂದು ಅದಕ್ಕಾಗಿ ರಸ್ತೆಗೇ ಇಳಿಯಿತು. ಮಾರ್ಗದರ್ಶಿ ಹೋಗಿ ಕೈ ಮುಗಿದು ಬೇಡವೆಂದು ಹೇಳಿದರು. ಪ್ರೀತಿಯಿಂದಲೇ ಕೊಟ್ಟದ್ದು, ನಿಜ. ಆದರೆ ಮೇಲೆ ಇರಬೇಕಾದದ್ದಕ್ಕೆ ಕೆಳಗಿಳಿಯುವುದನ್ನು ಕಲಿಸುವ ಹಣ್ಣದು.

ಬಯಲಿನಲ್ಲಿ ಮರ ನೆಟ್ಟು ಚಿಗರಿಯ ಕಣ್ಣು ಕಟ್ಟಿದೆವು. ಕಾನಿನಲ್ಲಿ ಮರ ಕಡಿದು ಸಿಂಗಳೀಕದ ಕಾಲು ಕಟ್ಟಿದೆವು. ಈ ಕಾನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿಗೆ ಸೇರಿತು. 2019ರಲ್ಲಿ ಅದನ್ನೂ ಕೂಡಿಸಿಕೊಂಡು ಶರಾವತಿ ಕಣಿವೆಯ ಅಭಯಾರಣ್ಯ 930 ಚದರ ಕಿಲೋಮೀಟರಿಗೆ ಬೆಳೆಯಿತು. ಅದೇ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಕೆಳಗಿನ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟು ತೆಗೆಯುವ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಕರೆಂಟು ನಮ್ಮ ಮನೆಗೂ ಬೇಕು, ಬಲ್ಲೆ. ಆದರೆ ಆ ತಾಯಿ ಕೊನೆಯ ಕೊಂಬೆಯಲ್ಲಿ ನಿಂತದ್ದನ್ನು ನೋಡಿದ ಮೇಲೆ, ಈ ಕಾನಿನಲ್ಲಿ ಇನ್ನೊಂದು ಗೆರೆ ಎಳೆಯುವುದಕ್ಕೆ ಒಪ್ಪಲು ನನ್ನಿಂದಾಗದು.

ಶಿರಸಿಗೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ರಾಣೆಬೆನ್ನೂರಿನ ವಾಚರಿಗೆ ಫೋನ್ ಮಾಡಿದೆ. ಪೊಟರೆಯ ನೀರಿನ ಸಂಗತಿ ಹೇಳಿದೆ. ‘ಗಿಡದಾಗ ನೀರ!’ ಎಂದು ಎರಡು ಸಲ ಅಂದರು. ಅಷ್ಟು ಮಳೆ ಅಲ್ಲಿ ಬೀಳುತ್ತದೆ, ಬೇಸಗೆಯಲ್ಲೂ ಮರದ ಹೊಟ್ಟೆಯಲ್ಲಿ ಉಳಿದಿರುತ್ತದೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: ‘ನಮ್ಮಲ್ಲಿ ಗುಂಡಿ ಬತ್ತ್ಯಾವ್ರೀ. ನಾಳೆ ಟ್ಯಾಂಕರ್ ಬರೂದೈತಿ, ಮುಂಜಾನೆ ಲಗೂನ ಹೋಗಿ ತುಂಬಸ್ಬೇಕು.’